ಸ್ವೋರ್ಡ್ಸ್‌ನಲ್ಲಿ ಕೇಳಿದ ಸ್ಲೊವಾಕ್ ಹಳ್ಳಿ

ಐರ್ಲೆಂಡಿನ ಸ್ವೋರ್ಡ್ಸ್ ಎಂಬ ಊರಿನಲ್ಲಿ ನನಗಿದ್ದದ್ದು ಒಬ್ಬಳೇ ಗೆಳತಿ. ಮಗಳು ಬ್ಯೂಮಾಂಟ್ ಆಸ್ಪತ್ರೆಗೆ ನರ್ಸ್ ಡ್ಯೂಟಿಗೆ, ಮೊಮ್ಮಗಳು ಸ್ಕೂಲಿಗೆ ಹೋದ ಮೇಲೆ ಎದುರು ಮನೆಯ ಸ್ಲೊವಾಕ್ ಹೆಂಗಸು ನಮ್ಮ ಕಿಚನ್ನಿಗೆ ಬಂದು ಕೂರುತ್ತಿದ್ದಳು. ಅವಳೂ ನನ್ನ ಹಾಗೆ ಮೊಮ್ಮಕ್ಕಳನ್ನು ನೋಡಿಕೊಳ್ಳಲು ಬಂದವಳು. ಅವಳ ಇಂಗ್ಲಿಷ್ ಅಷ್ಟಕ್ಕಷ್ಟೆ. ನನ್ನದು ಬಳ್ಳಾರಿಯ ಕಾನ್ವೆಂಟ್ ಇಂಗ್ಲಿಷ್.

ಕಾನ್ವೆಂಟಿನ ಸಿಸ್ಟರ್ ನಮಗೆ ಜಿಯಾಗ್ರಫಿ ಹೇಳಿಕೊಟ್ಟ ಕ್ರಮದಲ್ಲೇ ನಾನು ಅವಳ ಊರಿನ ಬಗ್ಗೆ ಕೇಳುತ್ತಿದ್ದೆ: ಬೌಂಡರಿ, ನದಿ, ಬೆಳೆ, ಪಾಪ್ಯುಲೇಷನ್. ಅವಳು ಟೇಬಲ್ ಮೇಲೆ ಚಮಚವಿಟ್ಟು “ನದಿ” ಎಂದಳು. ಈ ಕಡೆ ಅವಳ ಹಳ್ಳಿ, ಆ ಕಡೆ ಹಂಗೇರಿ. ಅವಳ ಅಜ್ಜಿ ಹುಟ್ಟಿದ ಮನೆಯಲ್ಲೇ ಸತ್ತಳಂತೆ, ದೇಶ ಮಾತ್ರ ಬದಲಾಗುತ್ತಲೇ ಇತ್ತಂತೆ. ನಾನು ಹುಟ್ಟಿದಾಗ ಬಳ್ಳಾರಿ ಮದ್ರಾಸಿಗೆ ಸೇರಿತ್ತು, ನಡೆಯಲು ಕಲಿಯುವ ಹೊತ್ತಿಗೆ ಮೈಸೂರಿಗೆ ಸೇರಿತು ಎಂದಾಗ ಟೇಬಲ್ ಕುಟ್ಟಿ ನಕ್ಕಳು.

ಯುದ್ಧದಲ್ಲಿ ಅವರ ಸೇತುವೆ ಮುರಿದು ಬಿತ್ತು. ಆಮೇಲೆ ಎಷ್ಟೋ ವರ್ಷ ಎರಡೂ ದಡದ ನೆಂಟರು ಮದುವೆ, ಸಾವಿನ ಸುದ್ದಿಯನ್ನು ನೀರಿನಾಚೆಗೆ ಕೂಗಿ ಹೇಳುತ್ತಿದ್ದರು. ಈಗ ಹೊಸ ಸೇತುವೆ ಬಂದಿದೆ, ದಾಟಲು ಜನವಿಲ್ಲ. ಸ್ಕೂಲು ಮುಚ್ಚಿದೆ. ಪಾಪ್ಯುಲೇಷನ್ ಕೇಳಿದರೆ ಯಾವ ಯಾವ ಮನೆಯ ಚಿಮ್ನಿಯಲ್ಲಿ ಇನ್ನೂ ಹೊಗೆ ಏಳುತ್ತದೆ ಎಂದು ಬೆರಳು ಮಡಿಸುತ್ತಿದ್ದಳು.

ಕಳೆದ ಚಳಿಗಾಲದಲ್ಲಿ ಊರಲ್ಲಿದ್ದ ಅವಳ ಅಕ್ಕ ಜಾರಿ ಬಿದ್ದು ಸೊಂಟ ಮುರಿದುಕೊಂಡಳು. ನೋಡಿಕೊಳ್ಳಲು ಇವಳಲ್ಲದೆ ಯಾರೂ ಇಲ್ಲ.

“ಹೋದರೆ ಹೋದ ಹಾಗೆ, ಮತ್ತೆ ಬರೋದಿಲ್ಲ,” ಎಂದಳು. “ನೀನು ಬಾ. ಪ್ಲಮ್ ಹಣ್ಣಿನ ಕಾಲಕ್ಕೆ ಬಾ. ನಮ್ಮ ಸೇತುವೆ ಮೇಲೆ ಗೇಟ್ ಇಲ್ಲ, ಪೊಲೀಸ್ ಇಲ್ಲ. ಯಾರೂ ಏನೂ ಕೇಳಲ್ಲ.”

ಸಂಜೆ ಮಗಳಿಗೆ ಹೇಳಿದೆ.

“ಅಮ್ಮಾ, ನಿಂದು ಇಂಡಿಯನ್ ಪಾಸ್‌ಪೋರ್ಟ್. ಇಲ್ಲಿ ಇರೋಕೆ ಕೊಟ್ಟಿರೋ ಕಾರ್ಡ್ ಅಲ್ಲಿ ನಡೆಯಲ್ಲ, ಬೇರೆ ವೀಸಾ ಬೇಕು. ಒಬ್ಬಳೇ ಹೆಂಗೆ ಹೋಗ್ತೀಯಾ? ನಂಗೆ ಲೀವ್ ಎಲ್ಲೈತೆ?”

“ಅಲ್ಲಿ ಗೇಟೇ ಇಲ್ವಂತೆ ಕಣೇ.”

“ಅವರಿಗಿಲ್ಲ. ನಮಗೈತೆ.”

ಮೊಮ್ಮಗಳು ತಲೆಯೆತ್ತದೆ, “ಇಟ್ಸ್ ಗ್ರ್ಯಾಂಡ್, ಅಜ್ಜಿ, ಜಸ್ಟ್ ವಿಡಿಯೋ ಕಾಲ್ ಹರ್,” ಎಂದಳು. ಇಲ್ಲಿಯವರಿಗೆ ಗ್ರ್ಯಾಂಡ್ ಎಂದರೆ ಪರವಾಗಿಲ್ಲ ಎಂದು. ನಾನೂ ಆ ಗೆಳತಿಯೂ ಬಹಳ ಹೊತ್ತು ಸುಮ್ಮನೇ ಕೂರುತ್ತಿದ್ದವರು. ಅದು ಫೋನಿನಲ್ಲಿ ಆಗುವ ಕೆಲಸವಲ್ಲ.

ಗೆಳತಿ ಹೊರಡುವ ದಿನ ಅವಳ ಮಗ ಕಾರಿಗೆ ಸೂಟ್‌ಕೇಸ್ ಏರಿಸುತ್ತಿದ್ದ. ವೀಸಾ ಸಂಗತಿ ಹೇಳಿದೆ. ಅವಳಿಗೆ ನಂಬಿಕೆ ಬರಲಿಲ್ಲ. ಮಗನತ್ತ ತಿರುಗಿ ತನ್ನ ಭಾಷೆಯಲ್ಲಿ ಏನೋ ಕೇಳಿದಳು. ಅವನು ಹೌದೆಂದು ತಲೆಯಾಡಿಸಿದ. ತನ್ನ ಮನೆಯವರೇ ನನ್ನನ್ನು ಬಾಗಿಲಲ್ಲಿ ನಿಲ್ಲಿಸಿದರೇನೋ ಎಂಬಂತೆ ಅವಳ ಮುಖ ಕೆಂಪಾಯಿತು.

“ಹಾಗಾದರೆ ನಾನೇ ಬರ್ತೀನಿ,” ಎಂದಳು.

ಮಲಗಿದಲ್ಲೇ ಇರುವ ಅಕ್ಕನನ್ನು ಬಿಟ್ಟು ಅವಳು ಬರುವ ಹಾಗಿಲ್ಲ. ಅದು ಅವಳಿಗೂ ಗೊತ್ತಿತ್ತು.

“ಬಾ,” ಎಂದೆ. “ನಾನು ಮನೆಯಲ್ಲೇ ಇರ್ತೀನಿ.”