ಮಹಡಿ ಮೇಲಿನ ಅರೆ ಡಾಕ್ಟರು

ಎಳೆಗೂಸು ಮಗ ವೇಡ್ ಸದಾ ಬಲಕ್ಕೇ ಕತ್ತು ಹೊರಳಿಸಿ ಮಲಗುತ್ತಾನೆಂಬ ಚಿಂತೆ ಮಾರ್ಲೀನಳನ್ನು ಬಿಟ್ಟಿರಲಿಲ್ಲ. ಅವಳು ಓದಿ ಬೆಳೆದ ಲೆಕ್ಸಿಂಗ್ಟನ್ ನಗರದ ದೊಡ್ಡ ಡಾಕ್ಟರು ಸಿಗಲು ಇನ್ನೂ ಮೂರು ತಿಂಗಳು ಕಾಯಬೇಕು. ಕೆಂಟಕಿಯ ಈ ಗುಡ್ಡಗಾಡಿನಲ್ಲಿ ಇರುವುದು, ಔಷಧಿಯ ಜೊತೆಗೆ ಕೈಯಿಂದ ಒತ್ತಿ ವಾಸಿಮಾಡುವುದನ್ನೂ ಕಲಿಸುವ ಆಸ್ಟಿಯೋಪಥಿ ಮೆಡಿಕಲ್ ಕಾಲೇಜು. ಅದು ಅವಳಿಗೆ ದಯಪಾಲಿಸಿದ್ದು ಮಹಡಿಯ ಬಾಡಿಗೆದಾರ, ಎರಡನೇ ವರ್ಷದ ವಿದ್ಯಾರ್ಥಿ ಎಲ್ಡನ್‌ನನ್ನು. ಈ ಮಹಾನುಭಾವ ಊರಿನ ಒಂದು ಬೆನ್ನನ್ನೂ ಬಿಟ್ಟವನಲ್ಲ. ಚರ್ಚಿನ ಊಟದಲ್ಲಿ ಬೀನ್ಸ್, ಜೋಳದ ರೊಟ್ಟಿಯ ತಟ್ಟೆ ಹಿಡಿದು ನಿಂತವರ ಹಿಂದೆ ಸುಳಿದು, "ಒಂಚೂರು ಒತ್ತಿ ನೋಡ್ಲಾ?" ಅನ್ನುತ್ತಾನೆ. ಒತ್ತಿಸಿಕೊಂಡವರಿಗೆಲ್ಲ ಒಂದೇ ತೀರ್ಪು: "ನಿಮ್ಮ ಎಡಗಾಲು ಗಿಡ್ಡ." ಅವನನ್ನು ನಂಬಿದರೆ, ಈ ಕಣಿವೆಯಲ್ಲಿ ಕಾಲು ಸಮವಾಗಿರುವುದು ಹೇಸರಗತ್ತೆಗೆ ಮಾತ್ರ. "ಲೋ, ಗುಡ್ಡದ ಓರೇಲಿ ಹುಟ್ಟಿದೋರು ಕಣೋ ನಾವು! ಒಂದು ಕಾಲು ಗಿಡ್ಡ ಇದ್ರೇನೇ ನೆಟ್ಟಗೆ ನಿಲ್ಲೋದು," ಎಂದು ಮುದುಕಿ ಟ್ರೆಸ್ಸಿ ಛೇಡಿಸಿದರೆ, ಅದನ್ನೂ ಪಾಠವೆಂಬಂತೆ ತಲೆಯಾಡಿಸಿ ಕೇಳುತ್ತಾನೆ. ಇಂಥವನು ವೇಡ್‌ನನ್ನು ಮಾತ್ರ ಮುಟ್ಟಿದ್ದೇ ಇಲ್ಲ. ಬಾಡಿಗೆ ಕೊಡಲು ಬಂದರೂ, ಹಾಲು ಕೇಳಲು ಬಂದರೂ ತೊಟ್ಟಿಲಿನ ಎಡಕ್ಕೇ ಕುಕ್ಕರಿಸಿ ಹುಂಜದಂತೆ ಕೂಗುತ್ತಾನೆ. "ಡಾಕ್ಟರಂತೆ, ಡಾಕ್ಟರು!" ಎಂದು ಮೂಗು ಮುರಿಯುತ್ತಿದ್ದ ಮಾರ್ಲೀನ ಇವತ್ತು ಬಾಗಿಲಲ್ಲಿ ನಿಂತು ನೋಡಿದಳು. ಹುಂಜ ಕೂಗಿದ ಕಡೆಗೆ ಮಗು ನಗುತ್ತ, ಕಷ್ಟಪಟ್ಟು, ಅರ್ಧದಷ್ಟು ಎಡಕ್ಕೆ ತಿರುಗಿತು. ಹುಂಜ ಬಿಡಲಿಲ್ಲ, ಇನ್ನೊಂದಿಷ್ಟು ಎಡಕ್ಕೆ ಸರಿದು ಮತ್ತೆ ಕೂಗಿತು. ಅವನು ಮಹಡಿ ಹತ್ತಿದ ಮೇಲೆ ಅವಳು ಅವನಿಗೇ ಫೋನ್ ಮಾಡಿದಳು. "ಎಲ್ಡನ್, ಮಗೂ ಕತ್ತು ಸರಿಹೋಗುತ್ತೇನೋ?" "ಕೂಸಿನ ಕತ್ತಿಗೆ ನಾನು ಕೈ ಹಾಕಲ್ಲ ಅಕ್ಕಾ, ಇನ್ನೂ ಕಲೀತಿರೋನು. ನಾಳೆ ನಮ್ಮ ಕಾಲೇಜಿನ ಡಾಕ್ಟರ್ ಮೇಡಮ್ಮಿಗೆ ತೋರಿಸೋಣ. ನೀವು ಯಾವಾಗ ಕೇಳ್ತೀರೋ ಅಂತ ಕಾಯ್ತಿದ್ದೆ."