ಎರಡು ಹಿಡಿಕೆಯ ಕಟ್ಟಿಗೆ ಯಂತ್ರ

ನಾನೂ ಅವ್ವನೂ ಆಡಿದ ಜಗಳಗಳಲ್ಲಿ ಅರ್ಧಕ್ಕರ್ಧ ಕೊಡಲಿಯ ಸಲುವಾಗಿ ಆಡಿದವು. ಅದಿರಿನ ಲಾರಿಗಳು ಹಗಲಿರುಳೆನ್ನದೆ ಓಡುತ್ತಿದ್ದ ಕಾಲ ಅದು. ನಮ್ಮ ಮನೆ ಹೊಸಪೇಟೆಯ ಚಿತ್ತವಾಡ್ಗಿಯಲ್ಲಿತ್ತು. ನಾನು ಸಂಡೂರು ರಸ್ತೆಯ ಒಂದು ವೇ ಬ್ರಿಡ್ಜಿನಲ್ಲಿ ಕಂಪ್ಯೂಟರ್ ಮುಂದೆ ಕೂತು ಲಾರಿಗಳ ತೂಕ ಬರೆಯುವ ಕೆಲಸದಲ್ಲಿದ್ದೆ. ಸಂಜೆ ಮೈಮೇಲಿನ ಕೆಂಪು ಧೂಳು ಕೊಡವಿಕೊಂಡು ಮನೆಗೆ ಬಂದರೆ ಹಿತ್ತಲಲ್ಲಿ ಅವ್ವ ಕೊಡಲಿ ಎತ್ತಿ ನಿಂತಿರುತ್ತಿದ್ದಳು, ಅದೂ ಎಡಗೈ ಒಂದರಲ್ಲೇ. ಬಲ ಭುಜ ಹಿಡಿದುಕೊಂಡು ಆರು ತಿಂಗಳಾಗಿತ್ತು. ಆ ಕೈ ಎದೆಮಟ್ಟ ದಾಟಿ ಮೇಲಕ್ಕೆ ಏಳುತ್ತಿರಲಿಲ್ಲ. ಇನ್ನೂ ಕೊಡಲಿ ಹಿಡಿದರೆ ರೊಟ್ಟಿ ತಟ್ಟುವುದಕ್ಕೂ ಕೈ ಉಳಿಯುವುದಿಲ್ಲವೆಂದು ಡಾಕ್ಟರು ನನ್ನೆದುರಿಗೇ ಹೇಳಿದ್ದರು.

ರೊಟ್ಟಿ ತಟ್ಟದ ಅವ್ವನನ್ನು ನೆನೆಸಿಕೊಂಡರೇ ನನಗೆ ಹೆದರಿಕೆಯಾಗುತ್ತಿತ್ತು. ಅಪ್ಪ ತೀರಿಕೊಂಡ ಮೂರನೆಯ ದಿನವೇ ಒಲೆಯ ಮುಂದೆ ಕೂತು ರೊಟ್ಟಿ ತಟ್ಟಿದವಳು ಅವಳು. ಅಪ್ಪನ ಕೊಡಲಿಯನ್ನೂ ಆಗಲೇ ಕೈಗೆ ತೆಗೆದುಕೊಂಡಳು. ಅವತ್ತಿನಿಂದ ಮನೆಯ ಕಟ್ಟಿಗೆಯನ್ನು ಬೇರೆ ಯಾರೂ ಸೀಳಿದ್ದಿಲ್ಲ. ಕೂಲಿಯವನನ್ನು ಕರೆಯೋಣವೆಂದರೆ ಅವಳ ಉತ್ತರ ಯಾವಾಗಲೂ ಒಂದೇ: "ಹೆಬ್ಬೆಟ್ಟಿನಷ್ಟು ಸೀಳಪ್ಪಾ ಅಂದ್ರ ತೊಡಿ ಗಾತ್ರ ಸೀಳಿ ಒಗದು ಹೋಗ್ತಾನ. ಹಂಡೇಕ ಹಾಕೂ ಕಟ್ಟಿಗಿ ರೊಟ್ಟಿಗೆ ಬರತೈತೇನು?" ಅದು ಸುಳ್ಳಲ್ಲ. ಸ್ನಾನದ ನೀರಿಗೆ ದಪ್ಪ ಕೊರಡು ಸಾಕು, ರೊಟ್ಟಿಗೆ ಮಾತ್ರ ಚುರುಕಾಗಿ ಉರಿಯುವ ಸಣ್ಣ ಸೀಳು ಬೇಕು. ಮನೆಯಲ್ಲಿ ಗ್ಯಾಸ್ ಇತ್ತು. ಅವಳ ಲೆಕ್ಕದಲ್ಲಿ ಅದು ಚಹಾ ಕಾಸುವುದಕ್ಕೆ ಹುಟ್ಟಿದ ವಸ್ತು. ಕಂಪ್ಲಿಯ ಸೋದರತ್ತೆ ಭತ್ತದ ಹೊಟ್ಟಿನ ಒಲೆಯೊಂದನ್ನು ಕಳಿಸಿಕೊಟ್ಟಳು. ಅದರ ಹೊಗೆಗೆ ಎರಡೇ ದಿನದಲ್ಲಿ ಅವ್ವನ ಕಣ್ಣು ಕೆಂಡವಾಯಿತು, ಒಲೆ ಕೋಳಿಗೂಡಿನ ಪಕ್ಕ ಸೇರಿತು.

ಕಡೆಗೆ ನಾನು ಹಟಕ್ಕೆ ಬಿದ್ದೆ. ಆಫೀಸಿನಲ್ಲಿ ಲಾರಿ ಕಡಿಮೆಯಿದ್ದ ಒಂದು ಮಧ್ಯಾಹ್ನ ಇಂಟರ್ನೆಟ್ಟಿನಲ್ಲಿ ಹುಡುಕಿ, ಪರದೇಶದ ಕಟ್ಟಿಗೆ ಯಂತ್ರದ ಚಿತ್ರವೊಂದನ್ನು ಪ್ರಿಂಟ್ ತೆಗೆದೆ. ಒಂದು ಕಡೆಯಿಂದ ಇಡೀ ದಿಮ್ಮಿ ಒಳಗೆ ಹೋದರೆ, ಕೊಯ್ದು ಸೀಳಿದ ತುಂಡುಗಳು ಇನ್ನೊಂದು ಕಡೆಯಿಂದ ಬಂದು ಬೀಳುತ್ತವೆ. ನಾನೇ ಕಂಡುಹಿಡಿದೆನೇನೋ ಎಂಬ ಠೀವಿಯಲ್ಲಿ ಅದನ್ನು ಒಯ್ದು ನಮ್ಮ ಓಣಿಯ ಮೇಸ್ತ್ರಿಗೆ ತೋರಿಸಿದೆ.

ಮೇಸ್ತ್ರಿಯೆಂದರೆ ಲಾರಿ ಮೇಸ್ತ್ರಿ. ನಮ್ಮಿಂದ ಮೂರು ಮನೆ ಆಚೆಗಿದ್ದರು. ಬೈಪಾಸಿನ ಹತ್ತಿರ ಅವರದೊಂದು ಗ್ಯಾರೇಜು. ಆಗಿನ ಕಾಲಕ್ಕೆ ಹೊಸಪೇಟೆಯಲ್ಲಿ ಗ್ಯಾರೇಜಿನವರನ್ನು ಮಾತಾಡಿಸುವುದೆಂದರೆ ಮಂತ್ರಿಯನ್ನು ಮಾತಾಡಿಸಿದಷ್ಟು ಕಷ್ಟ. ಟಿಪ್ಪರ್ ಮಾಲೀಕರು ಮೊಬೈಲ್ ಕಿವಿಗಿಟ್ಟುಕೊಂಡು ಬಾಗಿಲಲ್ಲೇ ಕಾಯುತ್ತಿದ್ದರು. ಎಲ್ಲ ಗ್ಯಾರೇಜಿನವರೂ ಹೇಗೋ ಒಂದು ಬೋಲ್ಟ್ ಬಿಗಿದು ಗಾಡಿ ಸಾಗಹಾಕುತ್ತಿದ್ದಾಗ ಈ ಮನುಷ್ಯ ಮಾತ್ರ ಹತ್ತು ಕಟ್ಟುವಲ್ಲಿ ಒಂದು ಮುತ್ತು ಕಟ್ಟುವವರು. ಬಲಗೈಯಲ್ಲಿ ಅವರಿಗೆ ಮೂರೇ ಬೆರಳು. ಆ ಮೂರು ಬೆರಳಿನಲ್ಲಿ ನಟ್ಟು ತಿರುಗಿಸುವುದನ್ನು ನೋಡುತ್ತ ನಿಂತರೆ ನನಗೆ ಬಸ್ಸು ತಪ್ಪುತ್ತಿತ್ತು.

ಅವರು ಕಾಗದವನ್ನು ಅಡ್ಡ ಹಿಡಿದು ನೋಡಿದರು, ಉದ್ದ ಹಿಡಿದು ನೋಡಿದರು. "ಮಸ್ತ್ ಐತವ್ವಾ. ಆದ್ರ ಇದು ನೆಟ್ಟಗೆ ಬೆಳದ ಕಟ್ಟಿಗಿಗೆ ಮಾಡಿದ್ದು. ನಮ್ಮ ಜಾಲಿ ಎಲ್ಲಿ ನೆಟ್ಟಗ ಐತಿ?"

ನಮಗೆ ಬರುತ್ತಿದ್ದದ್ದು ಮರಿಯಮ್ಮನಹಳ್ಳಿ ಕಡೆಯ ಹೊಲಗಳಲ್ಲಿ ಕಡಿದ ಬಳ್ಳಾರಿ ಜಾಲಿ. ಮೊಳಕ್ಕೊಂದು ಡೊಂಕು, ಗೇಣಿಗೊಂದು ಗಂಟು, ಮೈಯೆಲ್ಲ ಮುಳ್ಳು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಆ ಪರದೇಶದ ಯಂತ್ರ ನಮ್ಮ ಹಿತ್ತಲಿಗೆ ಬಂದಿದ್ದರೆ ಅದೇ ಮಾತು ಆಡುತ್ತಿತ್ತು.

"ಕೊಯ್ಯೂದು ಅಡ್ಡೇದವರಿಗೆ ಬಿಡ್ರಿ," ಎಂದರು ಮೇಸ್ತ್ರಿ. ಅಡ್ಡೆ ಎಂದರೆ ಕಟ್ಟಿಗೆ ಮಾರುವ ಜಾಗ. "ಮೊಳದುದ್ದ ಕೊಯ್ದು ಕೊಡ್ತಾರ. ಸೀಳೂದಕ್ಕ ಅಷ್ಟ ನಾ ಒಂದು ಮಾಡಿಕೊಡ್ತೀನಿ. ಆದ್ರ ಜಲ್ದಿ ಕೇಳಬ್ಯಾಡ್ರಿ. ಅಮಾಸಿಗೆ ಅಷ್ಟ ನನ್ನ ಕೈ ಖಾಲಿ."

ಅಮಾವಾಸ್ಯೆಯ ಬೆಳಿಗ್ಗೆ ನಮ್ಮಲ್ಲಿ ಲಾರಿಗಳಿಗೆ ಪೂಜೆ. ಗಾಲಿಯ ಕೆಳಗೆ ನಿಂಬೆಹಣ್ಣು ಇಟ್ಟು, ಅದನ್ನು ತುಳಿಸಿಯೇ ಗಾಡಿ ಎಬ್ಬಿಸಬೇಕು. ಅಷ್ಟು ಹೊತ್ತು ಯಾವ ಮಾಲೀಕನೂ ಗ್ಯಾರೇಜಿನ ಕಡೆ ಸುಳಿಯುತ್ತಿರಲಿಲ್ಲ. ಅಷ್ಟೇ ಹೊತ್ತಿನಲ್ಲಿ ನಮ್ಮ ಯಂತ್ರ ಹುಟ್ಟಬೇಕಿತ್ತು.

ಮೊದಲನೆಯ ಅಮಾವಾಸ್ಯೆಗೆ ಮೇಸ್ತ್ರಿ ಬರಿಗೈಲಿ ಬಂದು ಅವ್ವ ರೊಟ್ಟಿ ತಟ್ಟುವುದನ್ನು ನೋಡುತ್ತ ಕೂತರು. ಆಮೇಲೆ ಜೇಬಿನಿಂದ ತಂತಿಯ ತುಂಡೊಂದನ್ನು ತೆಗೆದು, ಅವಳು ಕೂತಲ್ಲಿಂದ ಕೈ ಎಷ್ಟು ದೂರ ಚಾಚುತ್ತದೆ, ಎಷ್ಟು ಎತ್ತರ ಏಳುತ್ತದೆ ಎಂದು ಅಳೆದುಕೊಂಡರು. ನನಗೆ ಒಳಗೊಳಗೇ ಸಿಟ್ಟು. ಕಟ್ಟಿಗೆಯ ಯಂತ್ರ ಕೇಳಿದರೆ ಈತ ಕುಪ್ಪಸಕ್ಕೆ ಅಳತೆ ತೆಗೆದುಕೊಳ್ಳುತ್ತಿದ್ದಾನಲ್ಲ ಎಂದುಕೊಂಡೆ. "ಅಕ್ಕಾರು ಎಲ್ಲಾ ಕೆಲಸ ಕುಂತ ಮಾಡ್ತಾರ," ಎಂದರು ಅವರು. "ನಿಂತು ನಡಿಸೂ ಮಶೀನು ಕೊಟ್ರ ಎರಡು ದಿನಕ್ಕ ಬಿಟ್ಟಬಿಡ್ತಾರ." ನನ್ನ ಸಿಟ್ಟು ಅಲ್ಲಿಗೇ ಇಳಿಯಿತು. ಇಷ್ಟು ವರ್ಷ ಅವಳ ಜೊತೆಗೇ ಇದ್ದ ನನಗೆ ಅದು ಹೊಳೆದಿರಲಿಲ್ಲ.

ಎರಡನೆಯ ಅಮಾವಾಸ್ಯೆಗೆ ಲಾರಿಯ ಚಾಸಿಯ ತುಂಡಿನಿಂದ ಚೌಕಟ್ಟು ಎದ್ದಿತು. ಮೂರನೆಯದಕ್ಕೆ ಗುಜರಿಗೆ ಬಿದ್ದ ಲೋಡರ್ ಗಾಡಿಯ, ಎಣ್ಣೆಯ ಒತ್ತಡಕ್ಕೆ ಏಳುವ ಇಳಿಯುವ ಚಿಕ್ಕ ಜಾಕು, ಲಾರಿಯ ಸ್ಟೇರಿಂಗಿಗೆ ಎಣ್ಣೆ ತಳ್ಳುವ ಪಂಪು, ಅದನ್ನು ತಿರುಗಿಸಲು ಮನೆಯ ಕರೆಂಟಿಗೆ ಓಡುವ ಮೋಟರು ಬಂದವು. ಅಲಗನ್ನು ಲಾರಿಯ ಮುರಿದ ಆಕ್ಸೆಲಿನಿಂದ ಕಮ್ಮಾರನ ಹತ್ತಿರ ಬಡಿಸಿದ್ದರು. ಸ್ವಿಚ್ಚು ಹಾಕಿ ಹಿಡಿಕೆ ಒತ್ತಿದರೆ ಅಲಗು ಮೇಲಿನಿಂದ ಅವಸರವಿಲ್ಲದೆ ಇಳಿದು, ಕೆಳಗೆ ನಿಲ್ಲಿಸಿದ ಕೊರಡನ್ನು ಎರಡು ಹೋಳು ಮಾಡಬೇಕು. ಇಡೀ ಯಂತ್ರದ ಎತ್ತರ ನನ್ನ ಸೊಂಟಕ್ಕಿಂತ ಸ್ವಲ್ಪ ಮೇಲೆ, ಅಷ್ಟೆ. ಅದರ ಮುಂದೆ ಮಣೆ ಹಾಕಿಕೊಂಡು ಕೂತ ಅವ್ವ ರಾಣಿಯಂತೆ ಕಂಡಳು. ನಾನು ಹಾಗೆಂದು ಹೇಳಿಯೂ ಹೇಳಿದೆ. "ಬಾಯಿ ಮುಚ್ಚಲೇ," ಎಂದಳು, ಖುಷಿಯಿಂದಲೇ.

ನಾಲ್ಕನೆಯ ಅಮಾವಾಸ್ಯೆಗೆ ಪೂಜೆ. ಗಾಲಿಯೇ ಇಲ್ಲದ ಇದಕ್ಕೆ ನಿಂಬೆಹಣ್ಣನ್ನು ಎಲ್ಲಿ ಇಡಬೇಕೆಂಬ ಪ್ರಶ್ನೆ ಎದ್ದಿತು. ಅವ್ವ ಅರಿಶಿನ ಕುಂಕುಮ ಹಚ್ಚಿ, ಅಲಗಿನ ಕೆಳಗೆ ಇಡುವುದೇ ಸರಿ ಎಂದು ತೀರ್ಪು ಕೊಟ್ಟಳು. ಮೇಸ್ತ್ರಿ ಹಿಡಿಕೆ ಒತ್ತಿದರು. ಅಲಗು ಇಳಿಯತೊಡಗಿತು. ನಾವು ಉಸಿರು ಹಿಡಿದು ನೋಡುತ್ತಿದ್ದೆವು. ಅಲಗು ತಾಗುವುದಕ್ಕೆ ಸ್ವಲ್ಪ ಮೊದಲು, ಮೋಟರಿನ ಅದುರುವಿಕೆಗೆ ನಿಂಬೆಹಣ್ಣು ಉರುಳಿ ಪಕ್ಕಕ್ಕೆ ಸರಿಯಿತು. ಮೊದಲ ದಿನವೇ ನಿಂಬೆಹಣ್ಣು ತಪ್ಪಿಸಿಕೊಂಡರೆ ಅಪಶಕುನ. ಅವ್ವ "ಅಯ್ಯ ಶಿವನೇ" ಎನ್ನುತ್ತ ಅದನ್ನು ಮತ್ತೆ ನಡುವೆ ಇಡಲು ಅಲಗಿನ ಕೆಳಗೆ ಬಲಗೈ ಹಾಕಿದಳು.

ಮೇಸ್ತ್ರಿ ಹಿಡಿಕೆ ಬಿಟ್ಟದ್ದೂ, ಸ್ವಿಚ್ಚಿಗೆ ಹಾರಿದ್ದೂ, ನಾನು ಅವ್ವನ ರಟ್ಟೆ ಹಿಡಿದು ಎಳೆದದ್ದೂ ಒಟ್ಟಿಗೇ ಆಯಿತು. ಅವಳಿಗೆ ಏನೂ ಆಗಿರಲಿಲ್ಲ. ನೋವಿನ ಭುಜವನ್ನೇ ಎಳೆದೆನೆಂದು ನನ್ನನ್ನು ಬೈದಳು. ಮೇಸ್ತ್ರಿಯ ಮುಖ ಬಿಳಚಿಕೊಂಡಿತ್ತು. ಅವರು ಮೋಟರು ಬಿಚ್ಚತೊಡಗಿದರು.

"ಯಾಕ ತಮ್ಮಾ, ಏನಾತೀಗ? ನಾ ಇನ್ನ ಹಂಗ ಕೈ ಹಾಕಂಗಿಲ್ಲ ಬಿಡು," ಎಂದಳು ಅವ್ವ.

"ಹಾಕ್ತೀರಿ ಅಕ್ಕಾ. ಇಪ್ಪತ್ತು ವರ್ಷ ಕೊಡಲಿ ಹಿಡದ ಕೈ, ಕಟ್ಟಿಗಿ ವಾಲಿದ್ರ ತಾನಾಗಿ ಹೋಗತೈತಿ. ಮನಸಿನ ಮಾತು ಕೇಳಂಗಿಲ್ಲ." ಅವರು ತಮ್ಮ ಬಲಗೈ ಎತ್ತಿ ಹಿಡಿದರು. "ಟಿಪ್ಪರಿನ ಜಾಕಿನ ಕೆಳಗ ಒಂದು ಬೋಲ್ಟ್ ಬಿದ್ದಿತ್ತು. ಎತ್ತಾಕ ಹೋದೆ. ನೀವು ಕೈ ಹಾಕಿದ್ದು ದೇವರ ನಿಂಬಿಹಣ್ಣಿಗೆ. ನಾನು ಹಾಕಿದ್ದು ಒಂದು ತುಕ್ಕು ಹಿಡದ ಬೋಲ್ಟಿಗೆ."

ಯಂತ್ರವನ್ನು ಆಟೋದಲ್ಲಿ ಹೇರಿಕೊಂಡು ಹೋಗಿಯೇಬಿಟ್ಟರು. ಅವ್ವನಿಗೆ ಅವಮಾನವಾಯಿತು. ಕೊಟ್ಟ ಹೆಣ್ಣನ್ನು ವಾಪಸು ಕರೆದುಕೊಂಡು ಹೋದ ಹಾಗೆ ಮಾಡಿದ ಎಂದು ವಾರಗಟ್ಟಲೆ ಗೊಣಗಿದಳು. ನಾನು ಅಟ್ಟದ ಮೇಲೆ ಬಚ್ಚಿಟ್ಟಿದ್ದ ಕೊಡಲಿಯನ್ನು ಹುಡುಕಿ ತೆಗೆದಳು. ನಾನು ಕಿತ್ತುಕೊಂಡೆ, ಅವಳು ಮಾತು ಬಿಟ್ಟಳು. ಆ ತಿಂಗಳು ನಾನೇ ಸೀಳಿದ ಕಟ್ಟಿಗೆಯಲ್ಲಿ ರೊಟ್ಟಿ ಬೆಂದವು. ಸೀಳು ತೊಡೆ ಗಾತ್ರದವೇ ಆಗಿದ್ದವೆಂದು ಬೇರೆ ಹೇಳಬೇಕಾಗಿಲ್ಲ.

ಮುಂದಿನ ಅಮಾವಾಸ್ಯೆಗೆ ಯಂತ್ರ ಬಂತು. ಈಗ ಅದಕ್ಕೆ ಎರಡು ಹಿಡಿಕೆ. ಒಂದೊಂದರ ತುದಿಗೂ ಬಾಗಿದ ಕಬ್ಬಿಣದ ಹಸ್ತ. ಎರಡನ್ನೂ ಒಟ್ಟಿಗೆ ಒತ್ತಿದರೆ ಆ ಹಸ್ತಗಳು ಕೊರಡನ್ನು ಆಚೆ ಈಚೆಯಿಂದ ಅವುಚಿ ಹಿಡಿಯುತ್ತವೆ, ಆಮೇಲೆ ಅಲಗು ಇಳಿಯುತ್ತದೆ. ಒಂದನ್ನು ಬಿಟ್ಟರೂ ನಿಂತಲ್ಲೇ ನಿಲ್ಲುತ್ತದೆ. "ಕಟ್ಟಿಗಿ ಹಿಡಿಯೂ ಕೆಲಸ ಈ ಕೈ ಮಾಡ್ತಾವ. ನಿಮ್ಮ ಕೈಗೆ ಅಲ್ಲಿ ಕೆಲಸಿಲ್ಲ," ಎಂದರು ಮೇಸ್ತ್ರಿ. ಜಾಲಿಯ ಡೊಂಕಿಗೆ ತಕ್ಕಂತೆ ಆ ಹಸ್ತಗಳು ಅತ್ತಿತ್ತ ತಿರುಗುತ್ತಿದ್ದವು. ಪರದೇಶದ ಆ ಯಂತ್ರ ಮಾಡಿದವರನ್ನು ಕರೆದು ತೋರಿಸಬೇಕೆನ್ನಿಸಿತು ನನಗೆ.

ಅವ್ವನ ಬಲಗೈ ಬಲದ ಹಿಡಿಕೆಯನ್ನು ಮುಟ್ಟಲೇ ಇಲ್ಲ. ಭುಜದಷ್ಟು ಎತ್ತರಕ್ಕಿತ್ತು ಅದು. ಅವಳು ಹಲ್ಲು ಕಚ್ಚಿ ಎತ್ತಲು ನೋಡಿದಳು, ಕಣ್ಣಲ್ಲಿ ನೀರು ಬಂತು. "ಒಂದ ಹಿಡಿಕಿ ಇರಲಿ ಬಿಡ್ರಿ ಮೇಸ್ತ್ರಿ, ನಾ ಹುಷಾರಿ ಇರ್ತೀನಿ," ಎಂದಳು. ತಮ್ಮಾ ಹೋಗಿ ಮೇಸ್ತ್ರಿ ಆಗಿದ್ದನ್ನು ನಾನು ಗಮನಿಸಿದೆ. ನನಗೂ ಹಾಗೇ ಅನ್ನಿಸಿತ್ತು. ಸಾಕು, ಬಿಟ್ಟು ಹೋಗಲಿ, ನಾನೇ ಕಾದು ಕೂರುತ್ತೇನೆ ಎಂದು ಹೇಳಿದೆ. ಮೇಸ್ತ್ರಿ ನಮ್ಮಿಬ್ಬರ ಮಾತನ್ನೂ ಕಿವಿಗೆ ಹಾಕಿಕೊಳ್ಳಲಿಲ್ಲ. ಜೇಬಿನಿಂದ ಹಳೆಯ ತಂತಿ ತೆಗೆದು, ಅದರಲ್ಲಿ ಅಳತೆಗೆಂದು ಹಾಕಿದ್ದ ಗಂಟನ್ನು ನೋಡಿದರು. "ತಪ್ಪು ನಂದ. ನಾ ಅಳತಿ ತಗೊಂಡಿದ್ದು ಎಡಗೈದು," ಎಂದರು. ಅಷ್ಟು ದೊಡ್ಡ ಕೆಲಸಗಾರ ಅಷ್ಟು ಸಲೀಸಾಗಿ ತನ್ನ ತಪ್ಪು ಒಪ್ಪಿಕೊಂಡದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ.

ಗ್ಯಾರೇಜಿಗೆ ಹೋಗಿ ಹಳೇ ಸ್ಕೂಟರಿನ ಕ್ಲಚ್ ಕೇಬಲ್ ತಂದರು. ಬಲದ ಹಿಡಿಕೆಯನ್ನು ಕತ್ತರಿಸಿ, ಕೂತವಳ ಮೊಣಕಾಲಿನ ಪಕ್ಕಕ್ಕೆ ಇಳಿಸಿ, ಮೇಲೆ ಉಳಿದ ಅದರ ಹಸ್ತಕ್ಕೆ ಕೇಬಲ್ ಜೋಡಿಸಿದರು. ಭುಜ ಕದಲಿಸಬೇಕಾಗಿಲ್ಲ, ಬೆರಳು ಮಡಚಿದರೆ ಸಾಕು. ನಮ್ಮ ಮನೆಯ ಬಾಗಿಲಲ್ಲೇ ಒಬ್ಬ ಲಾರಿ ಮಾಲೀಕ ಬಂದು ಹಾರ್ನ್ ಹೊಡೆಯುತ್ತಿದ್ದ. ಮೇಸ್ತ್ರಿ ತಿರುಗಿ ನೋಡಲಿಲ್ಲ. ಅವ್ವ ಎರಡೂ ಹಿಡಿಕೆ ಒತ್ತಿದಳು. ಗಂಟಿನ ಜಾಲಿ ಲಟಲಟ ಎಂದು ಎರಡಾಯಿತು. ಇನ್ನೊಮ್ಮೆ ಒತ್ತಿದಳು, ನಾಲ್ಕಾಯಿತು. ಹೆಬ್ಬೆಟ್ಟಿನ ಗಾತ್ರ ಬರುವವರೆಗೂ ಬಿಡಲಿಲ್ಲ. ನಿಂಬೆಹಣ್ಣನ್ನು ಈ ಸಲ ಮೇಸ್ತ್ರಿಯೇ ಚೌಕಟ್ಟಿನ ಮೇಲ್ಗಡೆ ದಾರದಲ್ಲಿ ಕಟ್ಟಿದರು.

ಆದರೂ ಆ ಎರಡನೇ ಹಿಡಿಕೆಯ ಮೇಲೆ ಅವ್ವನಿಗೆ ಮುನಿಸು ಇದ್ದೇ ಇತ್ತು. ತನ್ನನ್ನು ಚಿಕ್ಕ ಮಗುವಿನಂತೆ ಕಂಡರೆಂದು ಅವಳಿಗೆ ಅನ್ನಿಸಿರಬೇಕು. "ನನಗೇನು ಬುದ್ಧಿ ಇಲ್ಲೇನು?" ಎಂದು ನನ್ನ ಹತ್ತಿರ ಆಗಾಗ ಹೇಳುತ್ತಿದ್ದಳು.

ಎರಡು ತಿಂಗಳ ಮೇಲೆ, ಒಂದು ಭಾನುವಾರ ಬೆಳಿಗ್ಗೆ ನಾನು ಹಿತ್ತಲಲ್ಲಿ ಬಟ್ಟೆ ಒಗೆಯುತ್ತಿದ್ದೆ. ಮೋಟರಿನ ಸದ್ದು ಇತ್ತು, ಆದರೆ ಸೀಳುವ ಸದ್ದು ನಿಂತಿತ್ತು. ತಿರುಗಿ ನೋಡಿದೆ. ಕೊರಡು ಹಸ್ತಗಳ ನಡುವೆ ಸ್ವಲ್ಪ ವಾಲಿತ್ತು. ಅವ್ವನ ಬಲಗೈ ಕೆಳಗಿನ ಹಿಡಿಕೆ ಬಿಟ್ಟು ಕೊರಡನ್ನು ಹಿಡಿದಿತ್ತು. ಅವಳ ಬೆರಳುಗಳಿಂದ ಎರಡಂಗುಲ ಮೇಲೆ ಅಲಗು ನಿಂತಿತ್ತು. ಅವ್ವ ಕೈ ತೆಗೆಯದೆ ಅದನ್ನೇ ನೋಡುತ್ತಿದ್ದಳು, ಅದು ಬೇರೆ ಯಾರದೋ ಕೈ ಎಂಬಂತೆ. ಆಮೇಲೆ ಅವಳೇ ಮೆಲ್ಲಗೆ ಕೈ ಹಿಂದಕ್ಕೆ ತೆಗೆದುಕೊಂಡು, ಸ್ವಿಚ್ಚು ಆರಿಸಿ ಎದ್ದು ಒಳಗೆ ಹೋದಳು. ಒಳಗಿನಿಂದ ರೊಟ್ಟಿ ತಟ್ಟುವ ಸದ್ದು ಬಹಳ ಹೊತ್ತು ಕೇಳಿಸಿತು.

ಅದು ನಿಂತ ಮೇಲೆ ಬಿಳಿ ಬಟ್ಟೆಯಲ್ಲಿ ರೊಟ್ಟಿ ಕಟ್ಟಿಕೊಂಡು, ಬದನೆಕಾಯಿ ಪಲ್ಯದ ಡಬ್ಬಿ ನನ್ನ ಕೈಗೆ ಕೊಟ್ಟು, ನಡಿ ಎಂದಳು. ಗ್ಯಾರೇಜಿಗೆ ಅವಳು ಅದಕ್ಕೆ ಮೊದಲು ಒಮ್ಮೆಯೂ ಹೋದವಳಲ್ಲ. ಮೇಸ್ತ್ರಿ ಟಿಪ್ಪರೊಂದರ ಕೆಳಗೆ ಮಲಗಿದ್ದರು, ಕಾಲು ಮಾತ್ರ ಕಾಣುತ್ತಿತ್ತು. "ತಮ್ಮಾ, ಹೊರಗ ಬಾ," ಎಂದಳು. ಅವರು ಗಾಬರಿಯಿಂದ ಎದ್ದು ಬಂದು, ಯಂತ್ರ ಕೆಟ್ಟಿತೇ ಎಂದು ಕೇಳಿದರು.

ಅವ್ವ ಗ್ರೀಸು ಮೆತ್ತಿದ್ದ ಅವರ ಬಲಗೈಯನ್ನು ತಾನೇ ಹಿಡಿದುಕೊಂಡು, ಸೆರಗಿನಿಂದ ಒರೆಸಿ, ಆ ಮೂರು ಬೆರಳಿನ ಮೇಲೆ ರೊಟ್ಟಿಯ ಗಂಟು ಇಟ್ಟಳು.

"ಇವತ್ತಿನ ರೊಟ್ಟಿ," ಎಂದಳು, "ಎರಡೂ ಕೈಲೆ ತಟ್ಟೀನಿ."

ಮೇಸ್ತ್ರಿ ಅವಳ ಕೈಯನ್ನೇ ನೋಡಿದರು, ಬೆರಳು ಬೆರಳಾಗಿ. ಆಮೇಲೆ ಅಲ್ಲೇ ಟಿಪ್ಪರಿನ ಗಾಲಿಗೆ ಒರಗಿ ಕೂತು ಗಂಟು ಬಿಚ್ಚಿದರು.