ನೆಗೆಟಿವ್ ಬಂದ ದಿನದ ಹೋಳಿಗೆ

ನಮ್ಮ ಯಜಮಾನರ ಲಿವರ್ ಕೆಟ್ಟದ್ದು ಕುಡಿತದಿಂದಲ್ಲ. ಊರಲ್ಲಿ ಇದನ್ನು ನಂಬದವರಿದ್ದರು, ಅದಕ್ಕೇ ಮೊದಲು ಬರೆಯುತ್ತಿದ್ದೇನೆ. ತೊಂಬತ್ತರ ದಶಕದ ಆರಂಭದಲ್ಲಿ ಐಮಂಗಲದ ಹತ್ತಿರ ಅವರ ಬೈಕಿಗೆ ಲಾರಿ ತಗುಲಿತ್ತು. ಆಗ ಹಾಕಿದ ರಕ್ತದ ಜೊತೆ ಲಿವರ್ ಕೆಡಿಸುವ ಹೆಪಟೈಟಿಸ್ ಸಿ ವೈರಸ್ ಬಂದಿರಬೇಕೆಂದು ಡಾಕ್ಟರು ಹೇಳಿದ್ದು ಎಷ್ಟೋ ವರ್ಷಗಳ ನಂತರ, ಹೊಟ್ಟೆಯಲ್ಲಿ ನೀರು ತುಂಬಿದ ಮೇಲೆ.

ಬೆಂಗಳೂರಿನಲ್ಲಿ ಲಿವರ್ ಕಸಿ ಮಾಡಿದರು. ತಮ್ಮ ಲಿವರಿನ ಒಂದು ಭಾಗ ಕೊಟ್ಟವರು ಮತ್ತೋಡಿನಲ್ಲಿದ್ದ ಅವರ ಅಕ್ಕ. ಹೊಲದಲ್ಲಿ ದುಡಿಯುವ ಹೆಂಗಸು. ತಮ್ಮನ ರಕ್ತದಿಂದ ಆ ರೋಗ ಹೋಗುವವರೆಗೆ ಮುದ್ದೆ ಮುಟ್ಟುವುದಿಲ್ಲ ಎಂದು ಮನೆದೇವರಿಗೆ ಹರಕೆ ಬೇರೆ ಹೊತ್ತಿದ್ದರು. ನಮ್ಮ ಕಡೆ ಮುದ್ದೆ ಬಿಟ್ಟರೆ ಊಟ ಬಿಟ್ಟಂತೆಯೇ.

"ಅನ್ನ ತಿಂದು ತಿಂದು ನಮ್ಮಕ್ಕ ಆಫೀಸರ್ ಆಗ್ಯಾಳೆ" ಎಂದು ಇವರು ರೇಗಿಸುವರು.

"ಲೇ, ನಿನ್ನ ಹೊಟ್ಟೇಲಿ ನಾನೇ ಕುಂತೀನಿ, ಬಾಯಿ ಮುಚ್ಚು" ಎನ್ನುವರು ಅಕ್ಕ.

ಮರುವರ್ಷ ಚಿತ್ರದುರ್ಗದ ಒಂದು ಲ್ಯಾಬಿನಲ್ಲಿ ಆ್ಯಂಟಿಬಾಡಿ ಪರೀಕ್ಷೆ ಮಾಡಿಸಿದೆವು. ಮೊದಲು ಪಾಸಿಟಿವ್ ಇದ್ದದ್ದು ನೆಗೆಟಿವ್ ಬಂತು. ಅಕ್ಕ ರಾಮಗಿರಿಯ ನಮ್ಮ ಮನೆಗೆ ಬಂದು, ಹೋಳಿಗೆ ಮಾಡಿಸಿ, ದೇವರಿಗೆ ಎಡೆ ಇಟ್ಟು ಹರಕೆ ತೀರಿಸಿದರು. ಆಮೇಲೆ ಮುದ್ದೆ ಮುರಿದು, ಸಾರಿಗೆ ಅದ್ದಿ, ಕಣ್ಣು ಮುಚ್ಚಿ ನುಂಗಿದರು. ನಾವೆಲ್ಲ ನಕ್ಕೆವು.

ಫೋನಿನಲ್ಲಿ ಬೆಂಗಳೂರಿನ ಡಾಕ್ಟರು ನಗಲಿಲ್ಲ. ಹೊಸ ಲಿವರನ್ನು ಮೈ ತಿರಸ್ಕರಿಸದಿರಲೆಂದು ಕೊಡುವ ಮಾತ್ರೆಗಳು ರೋಗದ ವಿರುದ್ಧ ಕಾದಾಡುವ ಶಕ್ತಿಯನ್ನೇ ತಗ್ಗಿಸುತ್ತವೆ. ನೀವು ಮಾಡಿಸಿದ ಪರೀಕ್ಷೆ ಹುಡುಕುವುದು ವೈರಸನ್ನಲ್ಲ, ಅದರ ವಿರುದ್ಧ ಮೈ ತಯಾರಿಸುವ ಆ್ಯಂಟಿಬಾಡಿಯನ್ನು. ಆ ಮಾತ್ರೆ ತಿನ್ನುವಾಗ ಮೈ ಅದನ್ನೇ ಸರಿಯಾಗಿ ತಯಾರಿಸುವುದಿಲ್ಲ, ವೈರಸ್ ಇದ್ದರೂ ನೆಗೆಟಿವ್ ಬರಬಹುದು. ವೈರಸನ್ನೇ ಹುಡುಕುವ ಬೇರೆ ಪರೀಕ್ಷೆ ಇದೆ, ಬೇಗ ಬನ್ನಿ ಎಂದರು.

ಅಕ್ಕನಿಗೆ ಹೇಳಿದೆ.

"ಹರಕೆ ಮುಟ್ಟಿಸಿದ ಮೇಲೆ ಮತ್ತೆ ನೋಡ್ಸಿದ್ರೆ ದೇವ್ರನ್ನ ನಂಬಲಿಲ್ಲ ಅಂದಂಗಾಗ್ತೈತೆ ಕಣವ್ವ."

"ಡಾಕ್ಟ್ರು ಹೇಳ್ತಾರಲ್ಲಕ್ಕ."

"ಅವ್ರು ಹೇಳ್ತಾನೇ ಇರ್ತಾರೆ. ದೀಪಾವಳಿ ಕಳೀಲಿ, ಹೋಗಾಣ."

ಇವರೂ ಆ ಮಾತು ದಾಟಲಿಲ್ಲ. ತನಗಾಗಿ ಹೊಟ್ಟೆ ಕೊಯ್ಸಿಕೊಂಡವಳ ಎದುರು ಏನಂತ ವಾದ ಮಾಡುವುದು? ದೀಪಾವಳಿ ಕಳೆಯಿತು, ಕೊಯ್ಲೂ ಕಳೆಯಿತು. ಬೇಸಿಗೆಯಲ್ಲಿ ಇವರ ಕಣ್ಣು ಹಳದಿಯಾದಾಗ ಹೋದೆವು. ರಕ್ತದ ತುಂಬ ವೈರಸ್ ಇತ್ತು. ಅಕ್ಕ ಕೊಟ್ಟ ಲಿವರೂ ಕೆಟ್ಟಿತ್ತು. ಆಗೆಲ್ಲ ಆ ವೈರಸ್ಸಿಗೆ ಕೊಡುತ್ತಿದ್ದ ಚುಚ್ಚುಮದ್ದನ್ನು ಮೈ ತಡೆದುಕೊಳ್ಳಲಿಲ್ಲ. ಮಳೆಗಾಲಕ್ಕೆ ಮುಂಚೆಯೇ ತೀರಿಕೊಂಡರು.

ಮೊದಲೇ ಬಂದಿದ್ದರೆ ಉಳಿಯುತ್ತಿದ್ದರೇ ಎಂದು ಡಾಕ್ಟರನ್ನು ಕೇಳಿದೆ. ಹೇಳಲಾಗದು ಎಂದರು. ಅಕ್ಕ ಪಕ್ಕದಲ್ಲೇ ನಿಂತಿದ್ದರು.

ತಿಥಿ ಮುಗಿದ ಮೇಲೆ ಅಕ್ಕನ ತಪಾಸಣೆಗೆ ನಾನೇ ಜೊತೆಗೆ ಹೋದೆ. ಲಿವರ್ ಕೊಟ್ಟಷ್ಟೂ ಮತ್ತೆ ಬೆಳೆದಿದೆ, ಏನೂ ತೊಂದರೆಯಿಲ್ಲ ಎಂದರು ಡಾಕ್ಟರು. ವಾಪಸು ಬರುವಾಗ ಬಸ್ಸು ಹಿರಿಯೂರು ದಾಟಿತು. ಅಕ್ಕ ಕಿಟಕಿಯ ಕಡೆ ಮುಖ ಮಾಡಿಕೊಂಡೇ, "ನಂದು ಬೆಳ್ಕಂಡೈತಂತೆ ಕಣವ್ವ" ಎಂದರು.

ಹೌದಕ್ಕ, ಎಂದೆ.